ಪೆಕಾನ್ ಕಾಯಿ ಜೊಳ್ಳಾಗುವುದು ಯಾಕೆ?

ಪೆಕಾನ್ ಅಂದರೆ ಅಕ್ರೋಟಿನ ಬಳಗದ, ಗಟ್ಟಿ ಚಿಪ್ಪಿನ ಕಾಯಿ ಬಿಡುವ ಮರ. ಇದರ ತೋಟ ನೋಡಲು ಕರೆದವರ ಬಳಿ ನಾನು ಮೊದಲು ಕೇಳುವುದು ಕಳೆದ ಸುಗ್ಗಿಯ ಹತ್ತು ಕಾಯಿ. ಮರ ಆಮೇಲೆ ನೋಡಿದರಾಯ್ತು. ಕಾಯಿಯನ್ನು ನಡುವೆ ಅಡ್ಡಕ್ಕೆ ಕೊಯ್ದರೆ ತಿರುಳು ಚಿಪ್ಪಿಗೆ ಒತ್ತಿಕೊಂಡಂತೆ ತುಂಬಿರಬೇಕು. ಎಷ್ಟೋ ಸಲ ಕಾಣುವುದು ಬೇರೆಯೇ. ನೋಡಲು ದಪ್ಪ ಕಾಯಿ, ಒಳಗೆ ಸುರುಟಿದ ತಿರುಳು, ಸುತ್ತ ಬರೀ ಗಾಳಿ. ‘ಯಾವ ಔಷಧಿ ಹೊಡೀಲಿ?’ ಎಂದು ಕೇಳುತ್ತಾರೆ. ಇಂಥ ಜೊಳ್ಳಿಗೆ ಔಷಧಿ ಇಲ್ಲ. ಅದು ಹೆಚ್ಚಾಗಿ ನೀರು, ಬಿಸಿಲಿನ ಲೆಕ್ಕ.

ಪೆಕಾನ್ ಕಾಯಿ ಎರಡು ಕಂತಿನಲ್ಲಿ ಬೆಳೆಯುತ್ತದೆ. ಮೊದಲ ಕಂತಿನಲ್ಲಿ ಗಾತ್ರ ನಿರ್ಧಾರವಾಗುತ್ತದೆ. ಆಗ ನೀರು ಕಡಿಮೆಯಾದರೆ ಕಾಯಿ ಸಣ್ಣದಾಗುತ್ತದೆ, ಅಷ್ಟೇ. ಆಮೇಲೆ ಚಿಪ್ಪು ಗಟ್ಟಿಯಾಗಿ ತಿರುಳು ತುಂಬಲು ಶುರುವಾಗುತ್ತದೆ. ಬೇಸಿಗೆಯ ಕೊನೆಯ ಭಾಗದಲ್ಲಿ ವಾರಕ್ಕೊಂದು ಕಾಯಿ ಕೊಯ್ದು ನೋಡಿ. ಮೊದಲು ಒಳಗೆ ತಿಳಿನೀರು ಇರುತ್ತದೆ, ಆಮೇಲೆ ಲೋಳೆ, ನಂತರ ಕಲಸಿದ ಹಿಟ್ಟಿನಂಥ ಬಿಳಿ ತಿರುಳು. ಮರಕ್ಕೆ ಅತಿ ಖರ್ಚಿನ ಕಾಲ ಇದೇ, ಯಾಕೆಂದರೆ ತಿರುಳಿನ ಬಹುಪಾಲು ಎಣ್ಣೆ. ಜನ ನೀರು ನಿಲ್ಲಿಸುವುದೂ ಸರಿಯಾಗಿ ಇದೇ ಹೊತ್ತಿಗೆ! ‘ಕಾಯಿ ಪೂರ್ತಿ ದಪ್ಪ ಆಗಿದೆ ಅಲ್ವಾ, ಇನ್ನೇಕೆ ನೀರು?’ ಎನ್ನುತ್ತಾರೆ. ದಪ್ಪ ಆಗಿರುವುದು ಡಬ್ಬಿ, ಒಳಗಿನ ಸರಕಲ್ಲ. ಹೊರಗಿನ ಹಸಿರು ಸಿಪ್ಪೆ ನಾಲ್ಕು ಸೀಳಾಗಿ ಬಿರಿಯುವ ತನಕ ನೀರು ಬೇಕು. ಕೊನೆಗೆ ಬಾಯಾರಿದ ಮರದಲ್ಲಿ ಸಿಪ್ಪೆ ಬಿರಿಯದೆ ಕಾಯಿಗೇ ಅಂಟಿಕೊಳ್ಳುತ್ತದೆ.

ನೀರು ಸರಿಯಿದ್ದೂ ಜೊಳ್ಳಾದರೆ ಫಸಲು ಜಾಸ್ತಿಯಾಗಿರಬಹುದು. ಪೆಕಾನ್ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಕೈಕೊಡುವ ಜಾತಿ. ಹೇರಳ ಬಿಟ್ಟ ವರ್ಷ ಇರುವ ಎಲೆಗಳ ದುಡಿಮೆ ಎಲ್ಲ ಕಾಯಿಗೂ ಸಾಲುವುದಿಲ್ಲ. ಮರುವರ್ಷದ ಹೂವಿಗೆಂದು ಬೇರಲ್ಲಿ ಕೂಡಿಟ್ಟದ್ದೂ ಖಾಲಿಯಾಗುತ್ತದೆ. ಇದಕ್ಕೆ ಮದ್ದು ಸ್ವಲ್ಪ ಹೊಟ್ಟೆ ಉರಿಸುವಂಥದ್ದು. ಕಾಯಿಯನ್ನು ಉದ್ದಕ್ಕೆ ಸೀಳಿದಾಗ ಬೀಜದ ಚೀಲ ಅರ್ಧ ಉದ್ದಕ್ಕೆ ಬಂದಿದ್ದರೆ, ಅಂದರೆ ಒಳಗಿನ್ನೂ ನೀರೇ ಇರುವಾಗ, ಕೊಂಬೆ ಅಲುಗಿಸಿ ಒಂದಷ್ಟು ಕಾಯಿ ಉದುರಿಸಿಬಿಡಬೇಕು. ತಿರುಳು ಹಿಟ್ಟಾದ ಮೇಲೆ ಉದುರಿಸಿ ಪ್ರಯೋಜನವಿಲ್ಲ, ಖರ್ಚು ಆಗಿಹೋಗಿರುತ್ತದೆ.

ಇನ್ನು ಬಿಸಿಲು. ಸಸಿ ನೆಡುವಾಗ 10–12 ಮೀಟರ್ ಅಂತರ ಬಯಲಿನಂತೆ ಕಾಣುತ್ತದೆ. ಇಪ್ಪತ್ತು ವರ್ಷದ ನಂತರ ಕೊಂಬೆಗೆ ಕೊಂಬೆ ತಾಗುತ್ತದೆ. ಬೇಸಿಗೆಯ ನಡು ಮಧ್ಯಾಹ್ನ ತೋಟದೊಳಗೆ ನಿಂತು ನೆಲ ನೋಡಿ. ಅರ್ಧಕ್ಕಿಂತ ಜಾಸ್ತಿ ನೆರಳಿದ್ದರೆ ಕೆಲವು ಮರ ಕಡಿಯುವ ಕಾಲ ಬಂದಿದೆ ಎಂದರ್ಥ. ಇದನ್ನು ಹೇಳಿದಾಗ ಮುಖ ಸಣ್ಣದು ಮಾಡಿಕೊಳ್ಳದ ರೈತರನ್ನು ನಾನು ಕಂಡಿಲ್ಲ. ಸುಮ್ನೆ ತುದಿ ಕತ್ತರಿಸಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಎರಡು ವರ್ಷದಲ್ಲಿ ಮತ್ತೆ ಅದೇ ನೆರಳು.

ಹೊಸದಾಗಿ ನೆಡುವವರಿಗೆ ಒಂದೆರಡು ಮಾತು. ಬೀಜದಿಂದ ಬೆಳೆದ ಗಿಡ ತಾಯಿಮರದಂತೆ ಇರುವುದಿಲ್ಲ, ಕಸಿ ಸಸಿಯೇ ಬೇಕು. ಪೆಕಾನ್‌ಗೆ ಹೆಸರು ತಂದ ಕಸಿಯನ್ನು 1846ರ ಸುಮಾರಿಗೆ ಅಮೆರಿಕದ ಲೂಯಿಸಿಯಾನಾದಲ್ಲಿ ಮಾಡಿದ್ದು ಆಂಟೋಯಿನ್ ಎಂಬ ಗುಲಾಮ ತೋಟಗಾರ. ಇವತ್ತಿನ ತಳಿ ತೋಟಗಳೆಲ್ಲ ಆ ದಾರಿಯಲ್ಲೇ ಬಂದವು. ಒಂದೇ ತಳಿ ನೆಡಬೇಡಿ. ಪರಾಗ ಗಾಳಿಯಲ್ಲಿ ಹಾರುತ್ತದೆ ನಿಜ, ಆದರೆ ಒಂದೇ ಮರದ ಗಂಡು ಹೂವು, ಹೆಣ್ಣು ಹೂವು ಒಟ್ಟಿಗೆ ಮಾಗುವುದು ಕಡಿಮೆ. ಪಾನಿ, ಡಿಸೈರಬಲ್ ತಳಿಗಳಲ್ಲಿ ಗಂಡು ಮೊದಲು. ವಿಚಿಟಾ, ಸ್ಟುವರ್ಟ್, ಕಾನ್ಜಾಗಳಲ್ಲಿ ಹೆಣ್ಣು ಮೊದಲು. ಎರಡೂ ಗುಂಪಿನಿಂದ ಆರಿಸಿಕೊಳ್ಳಿ. ತೇವದ ಹವೆ ಇದ್ದರೆ ಕಜ್ಜಿ ರೋಗ ಕಾಯಿಗೆ ಕಪ್ಪು ಚುಕ್ಕೆ ಇಡುತ್ತದೆ. ನಾಲ್ಕು ಅಂತಸ್ತಿನ ಎತ್ತರದ ಮರಕ್ಕೆ ಬೆನ್ನಿನ ಪಂಪಿನಿಂದ ಸಿಂಪಡಿಸಲು ಆಗುತ್ತದೆಯೇ? ಅಂಥ ಕಡೆ ಸಣ್ಣ ರೈತರಿಗೆ ವಿಚಿಟಾ ಬೇಡವೇ ಬೇಡ ಎನ್ನುತ್ತೇನೆ. ಎಲಿಯಟ್, ಕಾನ್ಜಾ ಈ ರೋಗವನ್ನು ಚೆನ್ನಾಗಿ ತಡೆಯುತ್ತವೆ.

ಗುಂಡಿ ಅಗಲಕ್ಕಿಂತ ಆಳ ಮುಖ್ಯ. ನನ್ನ ಮೊದಲ ಸಾಲಿನಲ್ಲಿ ಒಂದು ಗುಂಡಿಗೆ ಬಂಡೆ ಅಡ್ಡ ಬಂತು. ಸೋಮಾರಿತನಕ್ಕೆ ತಾಯಿಬೇರನ್ನು ಮಡಚಿ ತುರುಕಿದೆ. ಸಸಿ ಸಾಯಲಿಲ್ಲ, ಆದರೆ ಮೂರು ವರ್ಷ ಗೇಣುದ್ದವೂ ಏಳಲಿಲ್ಲ. ಪಕ್ಕದ ಗಿಡ ಅಷ್ಟರಲ್ಲಿ ನನ್ನ ತಲೆ ದಾಟಿತ್ತು. ಮಣ್ಣು ಅಂಟಿಲ್ಲದ ಬರಿಬೇರಿನ ಸಸಿಯಾದರೆ ನೆಟ್ಟ ದಿನವೇ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ. ಬೇರು ಕಳೆದುಕೊಂಡು ಬಂದ ಗಿಡ ಅಷ್ಟು ಎತ್ತರ ಸಾಕಲಾರದು. ಬುಡದ ಸುತ್ತ ಒಂದು ಮೀಟರ್‌ನಷ್ಟು ಹುಲ್ಲು ಬರದಂತೆ ನೋಡಿಕೊಳ್ಳಿ. ಎಳೆಗಿಡಕ್ಕೆ ಗೊಬ್ಬರಕ್ಕಿಂತ ಇದು ದೊಡ್ಡ ಉಪಕಾರ. ಒಳ್ಳೆ ಆರೈಕೆಯಲ್ಲೂ ಹೇಳಿಕೊಳ್ಳುವಷ್ಟು ಕಾಯಿಗೆ ಆರೆಂಟು ವರ್ಷ ಕಾಯಬೇಕು.

ಚಿಗುರು ಚಿಕ್ಕದಾಗಿ ಗೊಂಚಲು ಕಟ್ಟಿದಂತೆ ಕಂಡರೆ ಸತುವಿನ ಕೊರತೆ. ಸುಣ್ಣದ ಮಣ್ಣಿನಲ್ಲಿ ಇದು ಮಾಮೂಲು. ಅಲ್ಲಿ ಬುಡಕ್ಕೆ ಹಾಕಿದ ಜಿಂಕ್ ಸಲ್ಫೇಟ್ ಮಣ್ಣಿನಲ್ಲೇ ಕಟ್ಟಿಹೋಗುತ್ತದೆ. ಎಳೆ ಎಲೆ ಬಿಡುವಾಗ ಎರಡು ಮೂರು ಸಲ ಎಲೆಯ ಮೇಲೆಯೇ ಸಿಂಪಡಿಸಬೇಕು.

ಬಿದ್ದ ಕಾಯಿಯಲ್ಲಿ ಮೊಳೆ ಹೊಡೆದಂತೆ ದುಂಡನೆ ತೂತು ಕಂಡರೆ ಮೂತಿಹುಳುವಿನ ಮರಿ ಹೊರಬಿದ್ದು ಮಣ್ಣಿಗೆ ಇಳಿದಿದೆ ಎಂದು ತಿಳಿಯಿರಿ. ಅಲ್ಲಿಂದ ಏಳಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಬಿದ್ದ ಕಾಯಿಯನ್ನು ಅಲ್ಲೇ ಬಿಡದೆ ಬೇಗ ಆರಿಸಿ.

ಆರಿಸಿದ ಕಾಯಿಯನ್ನು ನೆರಳಲ್ಲಿ, ಗಾಳಿ ಆಡುವ ಕಡೆ ತೆಳ್ಳಗೆ ಹರಡಿ. ಒಂದೆರಡು ವಾರದ ನಂತರ ಒಂದನ್ನು ಒಡೆದು ತಿರುಳನ್ನು ಬಗ್ಗಿಸಿ. ಬಾಗಿದರೆ ಇನ್ನೂ ಹಸಿ. ಟಕ್ಕೆಂದು ಮುರಿದರೆ ಚೀಲಕ್ಕೆ ತುಂಬಬಹುದು.