‘ಅಂತೆ’ ಇದ್ದ ಮಾತ್ರಕ್ಕೆ ಉಪಮೆಯೇ?

ಪ್ರಶ್ನೆ: ಪ್ರಕೃತಿವರ್ಣನೆಯ ಸಾಲಿನಲ್ಲಿ ‘ಅಂತೆ’, ‘ಹಾಗೆ’ ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ. ಸರಿ ತಾನೆ?

ಸರಿಯಲ್ಲ. ಒಂದನ್ನು ಬೇರೆ ಬಗೆಯ ಇನ್ನೊಂದಕ್ಕೆ ಹೋಲಿಸಿದರೆ ಉಪಮೆ, ಅದೇ ಇದು ಎಂದರೆ ರೂಪಕ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ.

‘ನಾಳೆ ಮಳೆಯಂತೆ’ ಎಂಬುದು ಯಾರೋ ಹೇಳಿದ ಸುದ್ದಿ. ‘ಪಂಚಾಂಗ ಹೇಳಿದಂತೆ ಮಳೆ ಬಂತು’ ಎಂಬಲ್ಲಿ ಹೋಲಿಕೆಯೇ ಇಲ್ಲ. ‘ಆಗುಂಬೆಯಂತೆ ಇಲ್ಲೂ ಮಳೆ ಜಾಸ್ತಿ’ ಎಂದರೆ ಹೋಲಿಕೆ ಇದೆ, ಆದರೆ ಊರಿಗೆ ಊರನ್ನೇ ಹೋಲಿಸಿದರೆ ಅದು ವರದಿ. ಮೂರು ‘ಅಂತೆ’ ಬಂದವು, ಉಪಮೆ ಒಂದೂ ಇಲ್ಲ. ಅತ್ತ ‘ಹಾಲುಬೆಳದಿಂಗಳು’ ನೋಡಿ: ‘ಅಂತೆ’ಯಂಥ ವಾಚಕಪದವೂ ಇಲ್ಲ, ಎರಡಕ್ಕೂ ಇರುವ ಗುಣ, ಅಂದರೆ ಬಿಳುಪೆಂಬ ಸಮಾನಧರ್ಮವನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೂ ಬಿಡಿಸಿದರೆ ‘ಹಾಲಿನಂತಹ ಬೆಳದಿಂಗಳು’. ಇದು ಲುಪ್ತೋಪಮೆ, ಅಂಗಗಳು ಮರೆಯಾದ ಉಪಮೆ.

‘ಅಂತೆ’ ಕಂಡೊಡನೆ ಉಪಮೆ ಎನ್ನುವ ಈ ತಪ್ಪನ್ನು ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ ಸುಮಾರು 1300 ವರ್ಷಗಳ ಹಿಂದೆಯೇ ‘ಕಾವ್ಯಾದರ್ಶ’ದಲ್ಲಿ ಹಿಡಿದು ಝಾಡಿಸಿದ್ದಾನೆ. ‘ಲಿಂಪತೀವ ತಮೋಂಗಾನಿ ವರ್ಷತೀವಾಂಜನಂ ನಭಃ’: ಕತ್ತಲು ಮೈಗೆ ಬಳಿಯುತ್ತಿದೆಯೋ ಎಂಬಂತೆ, ಆಕಾಶ ಕಾಡಿಗೆಯ ಮಳೆ ಸುರಿಸುತ್ತಿದೆಯೋ ಎಂಬಂತೆ. ‘ಅಂತೆ’ ಎಂಬರ್ಥದ ‘ಇವ’ ಇದೆ, ಆದ್ದರಿಂದ ಉಪಮೆ ಎಂದವರಿಗೆ ಅವನು ಕೇಳುವುದು ಒಂದೇ: ಉಪಮಾನ, ಅಂದರೆ ಹೋಲಿಕೆಗೆ ತಂದ ವಸ್ತು, ಎಲ್ಲಿದೆ? ‘ಬಳಿಯುತ್ತಿದೆ’ ಕ್ರಿಯಾಪದ, ಅದು ಉಪಮಾನವಾಗದು. ಬಳಿಯುವುದೇ ಧರ್ಮ (ಗುಣ), ಬಳಿಯುವುದೇ ಧರ್ಮಿ (ಆ ಗುಣವುಳ್ಳದ್ದು) ಎಂದು ತಲೆ ನೆಟ್ಟಗಿರುವವರಾರೂ ಹೇಳರು ಎಂದು ಗದರುತ್ತಾನೆ ಕೂಡ. (ಮೇಷ್ಟರಿಗೆ ಸಿಟ್ಟು ಆಗಲೂ ಬರುತ್ತಿತ್ತು.) ಅವನ ತೀರ್ಪು: ಇದು ಉತ್ಪ್ರೇಕ್ಷೆ, ಒಂದನ್ನು ಇನ್ನೊಂದೆಂದು ಊಹಿಸುವ ಅಲಂಕಾರ. ನಮ್ಮ ‘ಕವಿರಾಜಮಾರ್ಗ’ ಅರ್ಥಾಲಂಕಾರಗಳನ್ನು ವಿವರಿಸುವ ಮೂರನೆಯ ಪರಿಚ್ಛೇದದಲ್ಲಿ ಹಿಡಿದಿರುವುದು ಇದೇ ದಂಡಿಯ ದಾರಿ.

ಹಾಗಾದರೆ ‘ಅಂತೆ’ಯ ಹಿಂದೆ ಕ್ರಿಯೆ ಕಂಡರೆ ಏನು ಮಾಡಬೇಕು? ಆ ಕೆಲಸ ಮಾಡುತ್ತಿರುವುದು ಯಾರು ಎಂದು ಕೇಳಿಕೊಳ್ಳಿ. ‘ನವಿಲು ಕುಣಿಯುವಂತೆ ತೆನೆ ತೂಗಿತು’: ಕುಣಿಯುವುದು ನವಿಲು, ತೂಗುವುದು ತೆನೆ. ಇಬ್ಬರು ಬೇರೆ, ಉಪಮೆ. ‘ತೆನೆ ರೈತನಿಗೆ ಕೈಮುಗಿಯುತ್ತಿದೆಯೋ ಎಂಬಂತೆ ಬಾಗಿತು’: ಬಾಗುವುದೂ ತೆನೆ, ಕೈಮುಗಿಯುವುದೂ ತೆನೆ. ಕಾಳಿನ ಭಾರಕ್ಕೆ ಬಾಗಿದ್ದನ್ನು ಕವಿ ನಮಸ್ಕಾರವೆಂದು ಊಹಿಸಿದ್ದಾನೆ. ಉತ್ಪ್ರೇಕ್ಷೆ. ‘ಎಂಬಂತೆ’ಯ ಹಿಂದಿನ ‘ಓ’ಕಾರವೇ ಸುಳಿವು. ಅಲಂಕಾರ ಆ ಸಾಲಿಗೆ ಹೇಗೆ ಹೊಂದುತ್ತದೆಂದು ವಿವರಿಸುವ ಸಮನ್ವಯದಲ್ಲಿ ಈ ಊಹೆ ಯಾವುದೆಂದು ಬರೆಯದಿದ್ದರೆ ಹೆಸರು ಸರಿಯಿದ್ದರೂ ಉತ್ತರ ಅರ್ಧಂಬರ್ಧ.

ಯಾರೂ ಕೇಳದ ಇನ್ನೊಂದು ಮಾತು. ‘ಬಿಸಿಲುಗುದುರೆ’, ‘ಕಾಮನಬಿಲ್ಲು’ ರೂಪಕಗಳೇ? ಹುಟ್ಟುವಾಗ ಹೌದು, ಈಗ ನಿಘಂಟಿನ ಪದಗಳು. ಕುದುರೆಯಾಗಲಿ ಬಿಲ್ಲಾಗಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ‘ಬಿಸಿಲುಗುದುರೆಗೆ ಲಗಾಮು ಹಾಕಹೊರಟ’ ಎಂದು ಯಾರಾದರೂ ಬರೆದರೆ ಸತ್ತ ಕುದುರೆ ಎದ್ದು ನಿಲ್ಲುತ್ತದೆ, ಆಗ ಧಾರಾಳವಾಗಿ ಅಲಂಕಾರ ಎನ್ನಿ.