ಕಾಯಿ ಹಣ್ಣಾದ ಮೇಲೂ ಮುಗಿಯದ ಆಟ

ಚೌಕಾಬಾರದಲ್ಲಿ ತಕರಾರಿಲ್ಲ. ನಾಲ್ಕೂ ಕಾಯಿ ನಡುಮನೆ ಸೇರಿ ಹಣ್ಣಾದವೆಂದರೆ ಆಟ ಮುಗಿಯಿತು, ಕವಡೆ ಎತ್ತಿಡಬಹುದು. ವಿಡಿಯೋ ಗೇಮ್ ಹಾಗಲ್ಲ. ದಾವಣಗೆರೆಯ ಯಾವುದಾದರೂ ಓಣಿಯಲ್ಲಿ ‘ಫುಲ್ ಗೇಮ್ ಮುಗಿಸೀನಿ’ ಎನ್ನುವ ಹುಡುಗನನ್ನು ನಿಲ್ಲಿಸಿ ಕೇಳಿ: ಕೊನೇ ವಿಲನ್ ಸತ್ತನೆಂದು ಮುಗಿಯಿತೋ, ಪರದೆ ಮೇಲೆ 100% ಬಂತೆಂದೋ? ಎರಡೂ ಆಟ ಬರೆದವನು ನೆಟ್ಟ ಮೈಲಿಗಲ್ಲುಗಳು. 100% ಎಂಬುದು ಅವನು ಎಣಿಸಬೇಕೆಂದು ಪಟ್ಟಿ ಮಾಡಿಟ್ಟ ವಸ್ತುಗಳ ಲೆಕ್ಕ ಅಷ್ಟೇ. ಪಟ್ಟಿಗೆ ಬಾರದ್ದು ಲೆಕ್ಕಕ್ಕೂ ಬರುವುದಿಲ್ಲ. ಮೈಲಿಗಲ್ಲಿನ ಆಚೆಗೂ ರಸ್ತೆ ಇರುತ್ತದೆ. ಅದು ಎಲ್ಲಿ ನಿಲ್ಲುತ್ತದೆ ಎಂಬುದು ಎಷ್ಟೋ ಸಲ ಬರೆದವನಿಗೇ ಗೊತ್ತಿರುವುದಿಲ್ಲ.

1980ರಲ್ಲಿ ಜಪಾನಿನ ನಾಮ್ಕೊ ಹೊರತಂದ ಪ್ಯಾಕ್‌ಮ್ಯಾನ್ ನೋಡಿ. ವಿನ್ಯಾಸಕ ತೋರು ಇವಾತಾನಿ. ದೆವ್ವಗಳ ಕೈಗೆ ಸಿಗದೆ ಚುಕ್ಕಿ ತಿನ್ನುತ್ತಾ ಹೋಗುವ ಆಟ. ಒಂದು ಬೋರ್ಡಿನಲ್ಲಿ 240 ಸಣ್ಣ ಚುಕ್ಕಿ, 4 ದೊಡ್ಡ ಚುಕ್ಕಿ. 244ನ್ನೂ ತಿಂದರೆ ಮುಂದಿನ ಬೋರ್ಡು. 21ರಿಂದಾಚೆ ಬೋರ್ಡುಗಳೆಲ್ಲ ಒಂದೇ ಥರ. ಆಟಕ್ಕೆ ಕೊನೆಯನ್ನೇ ಇಟ್ಟಿರಲಿಲ್ಲ. ಆದರೂ 256ನೇ ಬೋರ್ಡಿಗೆ ಬಂದಾಗ ಪರದೆಯ ಬಲ ಅರ್ಧ ಅಕ್ಷರ, ಅಂಕಿ, ಬಣ್ಣಗಳ ಚಿಂದಿಯಾಗಿಬಿಡುತ್ತದೆ. ಅದನ್ನು ದಾಟುವ ಗುಟ್ಟು ಯಾರಿಗೋ ಗೊತ್ತಿದೆ ಎಂಬ ವದಂತಿ ವರ್ಷಗಟ್ಟಲೆ ಓಡಾಡಿತು. ಗುಟ್ಟೂ ಇಲ್ಲ, ಮಾಟವೂ ಇಲ್ಲ. ಎಣಿಸುವ ಜಾಗ ಸಾಲದೆ ಹೋಯಿತು, ಅಷ್ಟೇ.

ಇದನ್ನು ಮನೆಯಲ್ಲೇ ನೋಡಬಹುದು. ಎಂಟು ಹುಣಸೆ ಬೀಜ ತೆಗೆದುಕೊಳ್ಳಿ. ಒಂದು ಮಗ್ಗುಲು ಬೆಳ್ಳಗಾಗುವ ತನಕ ಕಲ್ಲಿಗೆ ತಿಕ್ಕಿ. ಚಿತ್ರದುರ್ಗದವರಿಗೆ ಕಲ್ಲಿನ ಬರವೇನೂ ಇಲ್ಲ. ಎಂಟನ್ನೂ ಕಪ್ಪು ಮೇಲಾಗಿ ಸಾಲಾಗಿಡಿ. ಇದು ಸೊನ್ನೆ. ಒಂದೊಂದು ಎಣಿಕೆಗೂ ಬಲತುದಿಯ ಬೀಜವನ್ನು ಮಗುಚಿ. ಮಗುಚಿದ್ದು ಬಿಳಿಯಿಂದ ಕಪ್ಪಾದರೆ ಅದರ ಎಡಗಡೆಯದನ್ನೂ ಮಗುಚಿ, ಅದೂ ಕಪ್ಪಾದರೆ ಅದರ ಎಡಗಡೆಯದನ್ನು. ಬಹಳ ಜನ ತಪ್ಪುವುದು ಇಲ್ಲೇ, ಒಂದನ್ನು ಮಗುಚಿ ಕೈಬಿಡುತ್ತಾರೆ. ಬಲದಿಂದ ಬೀಜಗಳ ಬೆಲೆ 1, 2, 4, 8 ಎಂದು ದುಪ್ಪಟ್ಟಾಗುತ್ತಾ ಕೊನೆಯದು 128. ಐದು ಎಣಿಸಿದಾಗ ಬಲದಿಂದ ಬಿಳಿ, ಕಪ್ಪು, ಬಿಳಿ ಕಾಣಬೇಕು. 255ಕ್ಕೆ ಎಂಟೂ ಬಿಳಿ. ಇನ್ನೊಂದು ಎಣಿಸಿ: ಬಲದಿಂದ ಎಡಕ್ಕೆ ಪಟಪಟ ಎಂದು ಎಂಟೂ ಕಪ್ಪು. ಒಂಬತ್ತನೆಯ ಬೀಜ ಇಲ್ಲ, ಹಾಗಾಗಿ 256 ಮತ್ತು ಸೊನ್ನೆ ಒಂದೇ. ಹಳೇ ಸ್ಕೂಟರಿನ ಮೀಟರು 99999 ದಾಟಿ ಹೊಸ ಗಾಡಿಯಾಗುವ ಹಾಗೆ. ಪಂಚಾಂಗದ 60 ಸಂವತ್ಸರ ಮುಗಿದು ಮತ್ತೆ ಪ್ರಭವ ಬರುವ ಹಾಗೆ: ಪ್ರಭವದಲ್ಲಿ ಹುಟ್ಟಿದ್ದು ಅಂದರೆ ಕೂಸೋ, 60 ತುಂಬಿದ ಅಜ್ಜನೋ, ಹೆಸರೊಂದರಿಂದ ಹೇಳಲಾಗದು.

ಪ್ಯಾಕ್‌ಮ್ಯಾನ್‌ಗೆ ಇದು ಕಾಡಿದ್ದು ಹಣ್ಣಿನ ರೂಪದಲ್ಲಿ. (ಚೌಕಾಬಾರದ ಹಣ್ಣು ಆಟ ಮುಗಿಸುತ್ತದೆ, ಇದೂ ಹಾಗೇ, ಬೇರೆ ರೀತಿಯಲ್ಲಿ.) ಎಷ್ಟನೇ ಬೋರ್ಡು ಎಂದು ತಿಳಿಸಲು ಪರದೆಯ ಕೆಳಗೆ ಚೆರ್ರಿ, ಸ್ಟ್ರಾಬೆರಿಗಳ ಸಾಲು ಇರುತ್ತದೆ, ಹೆಚ್ಚೆಂದರೆ ಏಳು. ಪ್ರೋಗ್ರಾಮು ಸೊನ್ನೆಯಿಂದ ಎಣಿಸುವುದರಿಂದ 256ನೇ ಬೋರ್ಡು ಅದರ ಲೆಕ್ಕದಲ್ಲಿ 255. ಹಣ್ಣು ಬಿಡಿಸುವ ಮುಂಚೆ ಒಂದು ಕೂಡಿಸುತ್ತದೆ, ಬೀಜಗಳೆಲ್ಲ ಕಪ್ಪು. ಸೊನ್ನೆ ಎಂಟಕ್ಕಿಂತ ಕಡಿಮೆ ತಾನೇ, ಹಾಗಾದರೆ ಶುರುವಿನ ಬೋರ್ಡಿರಬೇಕು, ಸಂಖ್ಯೆ ಎಷ್ಟಿದೆಯೋ ಅಷ್ಟೇ ಹಣ್ಣು ಎಂದು ಹೊರಡುತ್ತದೆ. ಸೊನ್ನೆ ಹಣ್ಣು ಬಿಡಿಸಿದ್ದರೆ ಬಚಾವಾಗುತ್ತಿತ್ತು. ಆದರೆ ಅದು ಮೊದಲು ಒಂದು ಬಿಡಿಸಿ, ಲೆಕ್ಕದಲ್ಲಿ ಒಂದು ಕಳೆದು, ಆಮೇಲೆ ಸೊನ್ನೆಯಾಯಿತೇ ಎಂದು ನೋಡುತ್ತದೆ, ಮಂಡಕ್ಕಿ ಪಕ್ಕದಲ್ಲಿ ಮಿರ್ಚಿ ಇಟ್ಟಾದ ಮೇಲೆ ‘ಸಾಕಾ?’ ಎನ್ನುವವನಂತೆ. ಎಂಟು ಬೀಜದ ಲೋಕದಲ್ಲಿ ಸೊನ್ನೆಯಿಂದ ಒಂದು ಕಳೆದರೆ 255. ಹೀಗೆ ಒಟ್ಟು 256 ಹಣ್ಣು! ಪಟ್ಟಿಯಲ್ಲಿರುವುದು 20 ಮಾತ್ರ. ಅದು ತೀರಿದ ಮೇಲೆ ಮೆಮೊರಿಯಲ್ಲಿ ಮುಂದೆ ಏನು ಸಿಕ್ಕರೂ ಹಣ್ಣೆಂದೇ ಬಿಡಿಸುತ್ತಾ ಬಲ ಅರ್ಧವನ್ನು ಮುಚ್ಚಿಹಾಕುತ್ತದೆ.

ಎಡಗಡೆ ಉಳಿಯುವುದು 114 ಚುಕ್ಕಿ. ಬಲಗಡೆಯ ಕಸದಲ್ಲಿ 9 ಚುಕ್ಕಿ ಅಡಗಿವೆ, ಒಂದೊಂದು ಲೈಫ್ ಹೋದಾಗಲೂ ಅವು ಮತ್ತೆ ಹುಟ್ಟುತ್ತವೆ. ಆರು ಲೈಫ್ ಉಳಿಸಿಕೊಂಡು ಬಂದರೂ 114ಕ್ಕೆ 54 ಸೇರಿ 168. 244ಕ್ಕೆ ಎಲ್ಲಿ ಸಾಲುತ್ತದೆ? ಆದ್ದರಿಂದ ಪ್ಯಾಕ್‌ಮ್ಯಾನ್ ಮುಗಿಸುವುದಕ್ಕೆ ಕರಾರುವಾಕ್ಕಾದ ಅರ್ಥವಿದೆ: 33,33,360 ಅಂಕ. ಅದಕ್ಕೆ ಪ್ರತಿ ಚುಕ್ಕಿ, ಪ್ರತಿ ಹಣ್ಣು, ದೊಡ್ಡ ಚುಕ್ಕಿ ತಿಂದಾಗ ನೀಲಿಯಾದ ಪ್ರತಿ ದೆವ್ವವನ್ನೂ ತಿನ್ನಬೇಕು. 256ಕ್ಕೆ ಮುಟ್ಟುವ ತನಕ ಒಂದು ಲೈಫೂ ಹೋಗಕೂಡದು.

ಇನ್ನು ಕೆಲವರು ಏಳುಸುತ್ತಿನ ಕೋಟೆಯನ್ನು ಬಾಗಿಲ ಮೇಲೆ ಬಾಗಿಲು ದಾಟಿ ಗೆಲ್ಲುವುದಿಲ್ಲ, ಹೈದರಾಲಿಯ ಸೈನಿಕರಂತೆ ಕಿಂಡಿ ಹುಡುಕುತ್ತಾರೆ. 1985ರ ಸೂಪರ್ ಮಾರಿಯೊದ 1-2 ಸ್ಟೇಜಿನ ಕೊನೆಯ ಗೋಡೆಯಲ್ಲಿ ಅಂಥದೊಂದಿದೆ. ಅಲ್ಲಿ ನುಸುಳಿ, ಪರದೆ ಪೂರ್ತಿ ಸರಿಯುವ ಮೊದಲೇ ಕೊಳವೆಗೆ ಇಳಿದರೆ ಮಾರಿಯೊ ಸೇರುವುದು 36ನೇ ಲೋಕ. ಆ ಸಂಖ್ಯೆಗೆ ಸಿಗುವ ಚಿತ್ರ ಖಾಲಿ ಚೌಕ, ಹಾಗಾಗಿ ‘36-1’ ಎಂದು ಬರಬೇಕಾದಲ್ಲಿ ಪರದೆಯಲ್ಲಿ ಕಾಣುವುದು ‘-1’. ನೀರೊಳಗಿನ ಸ್ಟೇಜು, ತುದಿಯ ಕೊಳವೆ ಹೊಕ್ಕರೆ ಮತ್ತೆ ಶುರುವಿಗೇ ತಂದು ಬಿಡುತ್ತದೆ, ಟೈಮ್ ಮುಗಿದು ಸಾಯುವ ತನಕ. ಪ್ರತಿ ಕಿಂಡಿಗೂ ಒಬ್ಬೊಬ್ಬ ಓಬವ್ವನನ್ನು ನಿಲ್ಲಿಸಲು ಕೋಡ್ ಬರೆಯುವವನಿಂದ ಆಗುವುದಿಲ್ಲ.

ಮೇಲಿಂದ ಬೀಳುವ ಕಾಯಿಗಳನ್ನು ಸಾಲು ತುಂಬುವಂತೆ ಜೋಡಿಸುವ, ನಿಂಟೆಂಡೊದ 1989ರ ಟೆಟ್ರಿಸ್‌ನಲ್ಲಿ ಕೊನೆ 29ನೇ ಲೆವೆಲ್ಲೇ ಎಂದು ಬಹುಕಾಲ ನಂಬಿದ್ದರು. ಅಲ್ಲಿ ಕಾಯಿ ಫ್ರೇಮಿಗೊಂದು, ಅಂದರೆ ಪರದೆಯ ಚಿತ್ರ ಒಮ್ಮೆ ಬದಲಾಗುವಷ್ಟರಲ್ಲಿ ಒಂದು, ಮನೆ ಬೀಳುತ್ತದೆ. ಸೆಕೆಂಡಿಗೆ 60 ಫ್ರೇಮು, 20 ಮನೆ ಎತ್ತರ, ಅಂದರೆ ಸೆಕೆಂಡಿನ ಮೂರನೇ ಒಂದು ಪಾಲು. ಗುಂಡಿ ಒತ್ತಿ ಹಿಡಿದರೆ ಕಾಯಿ ಗೋಡೆ ಮುಟ್ಟುವಷ್ಟರಲ್ಲಿ ತಳ ಸೇರಿರುತ್ತದೆ. ಆಮೇಲೆ ಯಾರಿಗೋ ಹೊಳೆಯಿತು: ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಕಂಟ್ರೋಲರಿನ ಬೆನ್ನಿಗೆ ಇನ್ನೊಂದು ಕೈಯ ಬೆರಳುಗಳಿಂದ ತಬಲಾದಂತೆ ಬಡಿಯಬೇಕು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ ಮುಟ್ಟಿದಾಗ ಆಟವೇ ಹ್ಯಾಂಗ್ ಆಯಿತು. ಅಂಕ ಕೂಡಿಸುವ ಕೆಲಸ ಮುಗಿಯುವುದರೊಳಗೆ ಮುಂದಿನ ಫ್ರೇಮಿನ ಗಂಟೆ ಹೊಡೆದು, ಪ್ರೊಸೆಸರು ದಾರಿ ತಪ್ಪುತ್ತದೆ. (ಹ್ಯಾಂಗಾದರೆ ಕ್ಯಾಸೆಟ್ ತೆಗೆದು ಊದುವ ಹಳೇ ಆಚಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ. ತೆಗೆದು ಹಾಕುವಾಗ ಪಿನ್ನುಗಳು ಉಜ್ಜಿಕೊಂಡು ಸರಿಹೋಗುತ್ತಿತ್ತು. ಉಸಿರಿನ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆ.)

2024ರ ಅಕ್ಟೋಬರಿನಲ್ಲಿ ಇನ್ನೊಬ್ಬ ಆಟಗಾರ, ಹ್ಯಾಂಗ್ ಆಗದಂತೆ ತಿದ್ದಿದ ಆವೃತ್ತಿಯಲ್ಲಿ, 255ನ್ನೂ ದಾಟಿದ. ಅದೇ ಎಂಟು ಬೀಜ. ಲೆವೆಲ್ಲಿನ ಜಾಗದಲ್ಲಿ ಸೊನ್ನೆ ಬಂತು, ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಬೀಳುತ್ತಿದ್ದ ಕಾಯಿ ತಳ ಮುಟ್ಟಲು 16 ಸೆಕೆಂಡು ತೆಗೆದುಕೊಳ್ಳತೊಡಗಿತು, ಈಗಷ್ಟೇ ಸ್ಟಾರ್ಟ್ ಗುಂಡಿ ಒತ್ತಿದ ಹೊಸಬನಿಗೆ ಬೀಳುವಂತೆ.