ಮುಖ್ಯಮಂತ್ರಿಯನ್ನು ರಾಜ್ಯಪಾಲರು ಮನೆಗೆ ಕಳಿಸಬಹುದಾ?

ಪ್ರಶ್ನೆ: ಮುಖ್ಯಮಂತ್ರಿಯನ್ನು ನೇಮಿಸುವುದು ರಾಜ್ಯಪಾಲರು. ಹಾಗಾದ್ರೆ ಬೇಡ ಅನಿಸಿದಾಗ ಅವರೇ ತೆಗೆದುಹಾಕಬಹುದಲ್ವಾ?

ಬಹುಮತ ಇರುವವರೆಗೆ ಆಗುವುದಿಲ್ಲ.

ಗೊಂದಲ ಹುಟ್ಟುವುದು ಸಂವಿಧಾನದ 164ನೇ ವಿಧಿಯಿಂದಲೇ. ಮಂತ್ರಿಗಳು ರಾಜ್ಯಪಾಲರ ಮರ್ಜಿ ಇರುವಷ್ಟು ಕಾಲ ಅಧಿಕಾರದಲ್ಲಿರುತ್ತಾರೆ ಅನ್ನುತ್ತದೆ ಅದು. ಇಷ್ಟು ಓದಿ ಪುಸ್ತಕ ಮುಚ್ಚಿದರೆ ರಾಜ್ಯಪಾಲರೇ ದೊರೆ! ಆದರೆ ಸ್ವಲ್ಪ ಕೆಳಗೆ, ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ ಎಂದೂ ಇದೆ. ಸಭೆಯ ಬೆಂಬಲ ಇದ್ದರೆ ಮರ್ಜಿಯೂ ಇರಲೇಬೇಕು.

ಬೆಂಬಲ ಇದೆಯೋ ಇಲ್ಲವೋ ಅಂತ ನೋಡುವವರು ಯಾರು? ಇದು ಇತ್ಯರ್ಥವಾದದ್ದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ ಶಾಸಕರಲ್ಲಿ 7 ಮಂದಿ, ತಪ್ಪು ಹೇಳಿ ನಮ್ಮ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಎಂದರು. ಅಧಿವೇಶನ ಬೇಗ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜಭವನದಿಂದ ವಿಧಾನಸೌಧಕ್ಕೆ ನಡೆದೇ ಹೋಗಬಹುದು. ಆದರೆ ವಿಷಯ ಅಲ್ಲಿಗೆ ಹೋಗಲೇ ಇಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಗಿ, 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು.

ಹೈಕೋರ್ಟ್‌ನಲ್ಲಿ ಬೊಮ್ಮಾಯಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಆ ವಜಾ ತಪ್ಪು ಎಂದಿತು. ಬಹುಮತ ಎಣಿಸಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಮೇಜಿನ ಮೇಲಲ್ಲ ಎಂಬುದು ಅದರ ತಿರುಳು. ಅಷ್ಟರಲ್ಲಿ ಚುನಾವಣೆ ಮುಗಿದು, ಬೇರೆ ಸರ್ಕಾರ ಬಂದು ವರ್ಷಗಳೇ ಆಗಿದ್ದವು. ಗೆದ್ದ ಬೊಮ್ಮಾಯಿಗೆ ಕುರ್ಚಿ ವಾಪಸ್ ಸಿಗಲಿಲ್ಲ.

ಹಾಗಂತ ರಾಜ್ಯಪಾಲರು ಸುಮ್ನೆ ಸಹಿ ಹಾಕುವವರು ಅಂದುಕೊಳ್ಳಬೇಡಿ. ವಿಶ್ವಾಸಮತ ಸೋತ ಮುಖ್ಯಮಂತ್ರಿ ರಾಜೀನಾಮೆ ಕೊಡದೆ ಕೂತರೆ ಅವರೇ ತೆಗೆಯಬಹುದು. ಯಾರಿಗೂ ಬಹುಮತ ಬರದಿದ್ದಾಗ ಮೊದಲು ಯಾರನ್ನು ಕರೆಯಬೇಕು ಅನ್ನುವುದೂ ಅವರ ಕೈಯಲ್ಲೇ ಇದೆ. ನನ್ನ ಪ್ರಕಾರ ನಿಜವಾದ ತಲೆನೋವು ಇರುವುದು ಇಲ್ಲೇ. 2018ರ ಮೇ 17ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟದ್ದು 15 ದಿನ. ಅಷ್ಟು ದಿನ ಯಾಕೆ ಬೇಕಿತ್ತೋ! ಸುಪ್ರೀಂ ಕೋರ್ಟ್ 19ರಂದೇ ತೋರಿಸಿ ಎಂದಿತು. ಅವತ್ತು ಸದನ ಸೇರಿತು, ಯಡಿಯೂರಪ್ಪ ಭಾಷಣ ಮಾಡಿ ಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು.